ಪ್ರಜಾಪ್ರತಿನಿಧಿ ಸಭೆಯಿಂದ ಸರ್ವಜನ ಮತದಾನದವರೆಗೆ

'ಪ್ರಜೆ' ಎಂಬ ಶಬ್ದವು ಬಹು ಪುರಾತನವಾದುದು. ಸಂತಾನವೆಂಬುದು ಅದರ ಮೂಲಾರ್ಥ. ಅರಸನು ಮಕ್ಕಳಂತೆ ಪಾಲಿಸತಕ್ಕ ಜನರೆಂಬುದು ಅದರಿಂದ ಬಂದ ಅರ್ಥ. ಇಂದಾದರೋ ಅದೇ ಶಬ್ದದಿಂದ, ರಾಜ್ಯಾಧಿಕಾರಕ್ಕೆ ತಾನೇ ಪಾಲುಗಾರನಾದ ಪೌರನನ್ನು ನಾವು ಕರೆಯುತ್ತಿರುವೆವು. ಪಾಲಿಸಲ್ಪಡುವವನಿಗೂ ಪಾಲಕರನ್ನು ಆರಿಸುವವನಿಗೂ ಒಂದೇ ಹೆಸರು ಸಲ್ಲುತ್ತಿರುವ ಕಾರಣ, ಇವರಿಬ್ಬರ ನಡುವಣ ದೂರವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ದೂರವನ್ನು ಕನ್ನಡ ನಾಡು ಕ್ರಮಿಸಿದ ಬಗೆಯನ್ನು ಶ್ರೀಮಠದ ಈ ಮಹೋತ್ಸವದ ಸಂದರ್ಭದಲ್ಲಿ ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ಕ್ರಿ. ಶ. ೧೮೮೧ರಲ್ಲಿ ಮೈಸೂರು ಸಂಸ್ಥಾನವು ಆಂಗ್ಲರ ಆಡಳಿತದಿಂದ ಮರಳಿ ಒಡೆಯರ ವಂಶಕ್ಕೆ ಬಂದಿತು. ದಿವಾನ್ ರಂಗಾಚಾರ್ಲು ಅವರ ಪ್ರೇರಣೆಯಿಂದ ಅದೇ ವರ್ಷದ ಅಕ್ಟೋಬರ್ ೭ನೆಯ ದಿನ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲಬಾರಿಗೆ ನೆರೆಯಿತು. ಅಂದು ಕಲೆತ ಸದಸ್ಯರು ೧೪೪ ಮಂದಿ. ಇವರು ಭೂಸ್ವಾಮಿಗಳು ಮತ್ತು ವರ್ತಕರು. ಜನರು ಆರಿಸಿದವರಲ್ಲ, ಸರ್ಕಾರದಿಂದ ಕರೆಯಿಸಿಕೊಂಡವರು. ದಿವಾನರು ಓದುವ ವರದಿಯನ್ನು ಕೇಳುವುದು, ತಂತಮ್ಮ ಸೀಮೆಯ ಕುಂದುಕೊರತೆಗಳನ್ನು ಬಿನ್ನವಿಸಿಕೊಳ್ಳುವುದು, ಇಷ್ಟೇ ಅವರ ಅಧಿಕಾರ. ಆದರೂ ಈ ಆರಂಭವನ್ನು ಅಲ್ಪವೆಂದು ಎಣಿಸಲಾಗದು. ದೊರೆತನದ ಸಂಸ್ಥಾನವೊಂದರಲ್ಲಿ ರೈತನ ಅಹವಾಲನ್ನು ಸಭೆಯಲ್ಲಿ ನಿಂತು ಹೇಳುವುದಕ್ಕೆ ಎಡೆ ದೊರೆಯಿತು. ಮುಂದೆ ೧೮೯೧ರ ಸುಮಾರಿಗೆ ಚುನಾವಣೆಯ ಪದ್ಧತಿಯೂ ಬಂದಿತು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯು ಸ್ಥಾಪಿತವಾಯಿತು. ಆದರೆ ಮತದ ಹಕ್ಕು ಬಹುಮಟ್ಟಿಗೆ ಆಸ್ತಿಯುಳ್ಳವರಿಗೇ ಇದ್ದಿತು. ಭೂಮಿಯಿಲ್ಲದವನು ಪ್ರಜೆಯೇ ಹೌದು, ಆದರೆ ಅವನಿಗೆ ಪ್ರತಿನಿಧಿಯಿಲ್ಲ!

ಇಷ್ಟರಲ್ಲಿ ಮತ್ತೊಂದು ಪ್ರಶ್ನೆಯು ತಲೆದೋರಿತು. ಸರ್ಕಾರದ ಉದ್ಯೋಗಗಳು ಬಹುಮಟ್ಟಿಗೆ ಒಂದೇ ವರ್ಗದವರ ಕೈಯಲ್ಲಿದ್ದುವು. ವಿದ್ಯೆಯು ಅವರಲ್ಲಿ ಮೊದಲಿನಿಂದಲೂ ನೆಲೆಸಿದ್ದುದೇ ಅದಕ್ಕೆ ಕಾರಣ. ೧೯೧೭ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಲಿಯಲ್ಲಿ ಒಕ್ಕಲಿಗ, ವೀರಶೈವ, ಮುಸಲ್ಮಾನ ಮುಂತಾದ ಸಮಾಜಗಳ ಮುಖಂಡರು ಒಟ್ಟುಗೂಡಿ ತಮ್ಮ ಪಾಲನ್ನು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರು ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಾಗದಂತೆ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಾಗದಂತೆ ಬ್ರಾಹ್ಮಣೇತರರನ್ನು ನೇಮಿಸಬೇಕೆಂದು ಸಮಿತಿಯು ಸೂಚಿಸಿತು. ಅರ್ಹತೆಯನ್ನು ಬದಿಗಿಟ್ಟರೆ ಆಡಳಿತದ ದಕ್ಷತೆಯು ಕುಗ್ಗುವುದೆಂಬುದು ದಿವಾನ್ ವಿಶ್ವೇಶ್ವರಯ್ಯನವರ ಆಶಂಕೆ. ಅದೇ ಕಾಲದಲ್ಲಿ ಅವರು ತಮ್ಮ ಪದವಿಯನ್ನು ಬಿಟ್ಟುಕೊಟ್ಟರು.

ಈ ವಿವಾದದಲ್ಲಿ ಒಂದು ಪಕ್ಷವನ್ನು ಸತ್ಯವೆಂದೂ ಇನ್ನೊಂದನ್ನು ಮಿಥ್ಯೆಯೆಂದೂ ಹೇಳಿಬಿಡುವುದು ಸುಲಭ. ಆದರೆ ಅದು ಇತಿಹಾಸಕಾರನ ಧರ್ಮವಲ್ಲ. ಅರ್ಹತೆಯಿಲ್ಲದೆ ರಾಜ್ಯವು ನಡೆಯದೆಂಬ ಮಾತು ದಿಟ. ವಿದ್ಯೆಯ ಬಾಗಿಲು ಎಲ್ಲರಿಗೂ ತೆರೆಯದಿರುವಲ್ಲಿ ಅರ್ಹತೆಯ ಪರೀಕ್ಷೆಯು ಸಮನಾಗಿರದೆಂಬ ಮಾತೂ ಅಷ್ಟೇ ದಿಟ. ನಮ್ಮ ಹಿರಿಯರು ಈ ಎರಡನೆಯ ಮಾತನ್ನು ಬರಿಯ ಬೇಡಿಕೆಯಾಗಿ ಬಿಡಲಿಲ್ಲ. ಹಲವು ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದುವು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯು ಕಣ್ಣು ತೆರೆಯಿತು. ಪಾಲನ್ನು ಕೇಳುವ ಕೈಯೇ ಪಾಠಶಾಲೆಯನ್ನೂ ಕಟ್ಟಿತು.

ಸಮಾಜದ ಹೆಸರಿನಲ್ಲಿ ಪಾಲನ್ನು ಕೇಳುವುದರಲ್ಲಿ ಒಂದು ಅಪಾಯವೂ ಅಡಗಿದ್ದಿತು. ೧೯೦೯ರ ಶಾಸನವು ಮುಸಲ್ಮಾನರಿಗೆ ಪ್ರತ್ಯೇಕ ಮತದಾರ ವರ್ಗವನ್ನು ಕಲ್ಪಿಸಿದಂದಿನಿಂದ, ನೆರೆಯವರಿಬ್ಬರು ಒಂದೇ ಊರಿನಲ್ಲಿದ್ದೂ ಬೇರೆ ಬೇರೆ ಪಟ್ಟಿಗಳಲ್ಲಿ ಮತ ಹಾಕುವ ಸ್ಥಿತಿಯುಂಟಾಯಿತು. ಸಮಾಜವು ಮನುಷ್ಯನಿಗೆ ಏಣಿಯಾದರೆ ಒಳಿತು, ಗೋಡೆಯಾದರೆ ಕೇಡು. ಭಾರತದ ಸಂವಿಧಾನ ಸಭೆಯು ಈ ವಿವೇಕವನ್ನು ಮರೆಯಲಿಲ್ಲ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನದ ೩೨೫ನೆಯ ಅನುಚ್ಛೇದವು ಮತ, ಕುಲ, ಜಾತಿ, ಲಿಂಗಗಳ ಕಾರಣದಿಂದ ಯಾರನ್ನೂ ಮತದಾರರ ಪಟ್ಟಿಯಿಂದ ಹೊರಗಿಡಬಾರದೆಂದು ವಿಧಿಸಿತು. ೩೨೬ನೆಯದು ವಯಸ್ಕರೆಲ್ಲರಿಗೂ ಮತವನ್ನು ಕೊಟ್ಟಿತು. ಪಟ್ಟಿಯು ಎಲ್ಲರಿಗೂ ಒಂದೇ. ಹಿಂದುಳಿದವರಿಗೆ ವಿಶೇಷ ನೆರವು ಬೇರೆ. ಆ ನೆರವಿನ ಅಳತೆಯಾದರೋ ಇಂದಿಗೂ ಚರ್ಚೆಯ ವಿಷಯವೇ ಆಗಿದೆ. ಮೈಸೂರು ಸರ್ಕಾರವು ಶೇಕಡ ೬೮ ಸ್ಥಾನಗಳನ್ನು ಮೀಸಲಿಟ್ಟ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ೧೯೬೨ರಲ್ಲಿ, ಬಾಲಾಜಿ ಎಂಬವರ ಮೊಕದ್ದಮೆಯಲ್ಲಿ, ತಳ್ಳಿಹಾಕಿತು.

೧೯೩೭ರ ಪ್ರಾಂತೀಯ ಚುನಾವಣೆಗಳಲ್ಲಿ ಬ್ರಿಟಿಷ್ ಇಂಡಿಯದ ಮತದಾರರು ಸುಮಾರು ೩ ಕೋಟಿ. ೧೯೫೧-೫೨ರ ಮೊದಲ ಮಹಾಚುನಾವಣೆಯಲ್ಲಿ ಸ್ವತಂತ್ರ ಭಾರತದ ಮತದಾರರು ೧೭ ಕೋಟಿಗೂ ಮಿಗಿಲು. ಇವರಲ್ಲಿ ಬಹುಮಂದಿ ಓದುಬರಹ ಅರಿಯದವರಾದುದರಿಂದ ಪ್ರತಿಯೊಬ್ಬ ಉಮೇದುವಾರನಿಗೂ ಒಂದು ಚಿಹ್ನೆ, ಒಂದು ಪೆಟ್ಟಿಗೆ ಎಂಬ ಏರ್ಪಾಡಾಯಿತು. ಪಟ್ಟಿಯನ್ನು ಬರೆಯುವಾಗ ಒದಗಿದ ಒಂದು ಸಂಗತಿಯು ಮನನೀಯವಾಗಿದೆ. ಉತ್ತರದ ಪ್ರಾಂತಗಳಲ್ಲಿ ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳಲೊಪ್ಪದೆ ಇಂತಹವರ ಹೆಂಡತಿ, ಇಂತಹವರ ತಾಯಿ ಎಂದೇ ಬರೆಯಿಸಿದರು. ಸ್ವಂತ ಹೆಸರಿಲ್ಲದೆ ಮತವಿಲ್ಲವೆಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ನಿರ್ಧರಿಸಿದುದರಿಂದ ಸುಮಾರು ೨೮ ಲಕ್ಷ ಸ್ತ್ರೀಯರು ಪಟ್ಟಿಯಿಂದ ಬಿಟ್ಟುಹೋದರು. ಆ ಕಾಠಿಣ್ಯವು ನೋವಿನದೇ ಸರಿ. ಆದರೆ ಪೌರತ್ವವು ಮನೆತನಕ್ಕೆ ಸಲ್ಲುವುದಲ್ಲ, ವ್ಯಕ್ತಿಗೆ ಸಲ್ಲುವುದೆಂಬ ತತ್ತ್ವವು ಇದಕ್ಕಿಂತ ಸ್ಪಷ್ಟವಾಗಿ ಮತ್ತೆಲ್ಲಿಯೂ ತೋರಿಬಂದಿಲ್ಲ. ಮೈಸೂರಿನಲ್ಲಿ ಸ್ತ್ರೀಯರಿಗೆ ೧೯೨೩ರಲ್ಲಿಯೇ ಮತದ ಹಕ್ಕು ದೊರೆತಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಆದರೆ ಆಸ್ತಿಯ ಕಟ್ಟಳೆಯು ಅವರಿಗೂ ತಪ್ಪಿರಲಿಲ್ಲ.

ಕನ್ನಡಿಗರ ಮಟ್ಟಿಗೆ ಆ ಚುನಾವಣೆಯು ಇನ್ನೊಂದು ಕಾರಣದಿಂದಲೂ ಸ್ಮರಣೀಯ. ಅಂದು ನಾವು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದೆವು. ಮೈಸೂರಿನ ರೈತನು ಸಭೆಯನ್ನು ಕಂಡಿದ್ದನು. ೧೯೪೮ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಕಲಬುರ್ಗಿಯ ರೈತನಿಗೆ ಜನರಿಗೆ ಹೊಣೆಯಾದ ಸರ್ಕಾರವೆಂಬುದೇ ತಿಳಿಯದು. ಅವರಿಬ್ಬರೂ ಒಂದೇ ಚುನಾವಣೆಯಲ್ಲಿ, ಒಂದೇ ತೂಕದ ಮತವನ್ನು ಹಾಕಿದರು. ೧೯೫೬ರ ನವೆಂಬರ್ ೧ರಂದು ಒಂದೇ ರಾಜ್ಯದವರಾಗುವುದಕ್ಕೆ ಮೊದಲೇ ಅವರು ಸಮಾನ ಪೌರರಾಗಿದ್ದರು. ನಾಡಿನ ಏಕೀಕರಣಕ್ಕಿಂತ ಹಕ್ಕಿನ ಏಕೀಕರಣವೇ ಮುಂಚೆ ಆಯಿತೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

೧೮೮೧ರಲ್ಲಿ ದೊರೆತುದು ಪ್ರಭುವಿನ ಕೃಪೆ. ೧೯೫೦ರಲ್ಲಿ ದೊರೆತುದು ಜನರ ಹಕ್ಕು. ಕೃಪೆಗೆ ಕೃತಜ್ಞತೆ ಸಾಕು. ಹಕ್ಕಿಗೆ ಎಚ್ಚರವೂ ಬೇಕು. ನಮ್ಮ ಸಮಾಜಕ್ಕೆ ಬೇಕೆಂದು ಅಂದು ಕೇಳಿದ ನ್ಯಾಯವನ್ನು ನಮಗಿಂತ ಹಿಂದುಳಿದವನು ಇಂದು ಕೇಳಿದರೆ, ಅವನ ಮಾತು ನಮಗೆ ಹೊಸದೆನಿಸಬಾರದು. ಅದು ನಮ್ಮ ಹಿರಿಯರದೇ ಮಾತು. ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿಯು ೧೯೬೨ರಿಂದಲೂ ಮೈಸೂರಿನಲ್ಲಿಯೇ ತಯಾರಾಗುತ್ತ ಬಂದಿದೆ. ಅದು ಯಾರ ಬೆರಳಿನಲ್ಲಿಯೂ ಕುಲವನ್ನು ಕೇಳದು, ಸಿರಿತನವನ್ನು ನೋಡದು. ಆ ಸಮತೆಯು ಬೆರಳ ತುದಿಯಿಂದ ಮನಸ್ಸಿಗೂ ಏರಲೆಂದು ಶ್ರೀಮಠದ ಈ ಶುಭಪರ್ವದಲ್ಲಿ ಹಾರೈಸುತ್ತೇನೆ.