ಎರೆಯ ನಾಡೂ ಮಲೆಯ ಸೆರಗೂ: ಧಾರವಾಡ ಜಿಲ್ಹೆಯ ಬೇನೆಗಳ ಇತಿಹಾಸ

ನಮ್ಮ ಹಳ್ಳಿಗರು ಔಷಧಕ್ಕೆ ಅಂಜುವರು, ಬೇನೆ ಬಂದರೆ ದೇವಿಗೆ ಹರಕೆ ಹೊತ್ತು ಕುಳ್ಳಿರುವರು, ಸರಕಾರವು ಹಿತವನ್ನೇ ಮಾಡಬಂದರೂ ಬಾಗಿಲಿಕ್ಕಿಕೊಳ್ಳುವರು ಎಂಬ ಮಾತು ಸುಶಿಕ್ಷಿತರ ಮನೆಗಳಲ್ಲಿ ಇಂದಿಗೂ ಆಗಾಗ ಕೇಳಬರುವದು. ಈ ಲೇಖಕನೂ ಬಹುದಿನ ಅದನ್ನು ನಂಬಿದ್ದನು. ಆದರೆ ಧಾರವಾಡ ಜಿಲ್ಹೆಯ ಹಿಂದಿನ ನೂರೈವತ್ತು ವರುಷಗಳ ಸಂಗತಿಗಳನ್ನು ಒಂದೆಡೆ ಇಟ್ಟುಕೊಂಡು ನೋಡಿದರೆ, ಆ ಮಾತಿನಲ್ಲಿ ಹುರುಳಿಗಿಂತ ಜಂಬವೇ ಹೆಚ್ಚೆಂದು ತೋರುವದು. ಜನರು ಯಾವದಕ್ಕೆ ಒಪ್ಪಿದರು, ಯಾವದಕ್ಕೆ ಒಪ್ಪಲಿಲ್ಲ ಎಂಬುದನ್ನು ಬೇರೆಬೇರೆಯಾಗಿ ನೋಡುವದು ಅವಶ್ಯ.

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ನಮ್ಮ ಜಿಲ್ಹೆಯ ಪಡುವಲಿಗೆ ಕಲಘಟಗಿ. ಅದು ಮಲೆನಾಡಿನ ಸೆರಗು. ಬೇಡ್ತಿಯ ಹಳ್ಳಗಳು, ಬತ್ತದ ಗದ್ದೆಗಳು, ಅಡವಿ, ಅಡವಿಯ ಸೆರಗಿನಲ್ಲಿ ಸಣ್ಣ ಹಳ್ಳಿಗಳು. ಮೂಡಲಿಗೆ ನವಲಗುಂದ, ಅಣ್ಣಿಗೇರಿ. ಅದು ಎರೆಯ ನಾಡು. ಅಲ್ಲಿ ಹತ್ತಿ, ಜೋಳ, ಗೋದಿ ಸಮೃದ್ಧಿಯಾಗಿ ಬೆಳೆದರೂ ಬಾವಿ ತೋಡಿದರೆ ಬರುವದು ಸವಳು ನೀರು. ಆದ್ದರಿಂದ ಮಳೆಯ ನೀರನ್ನು ಕೆರೆಯಲ್ಲಿ ಕಟ್ಟಿಕೊಂಡು ವರುಷವೆಲ್ಲ ಅದನ್ನೇ ಕುಡಿಯುವದು ಅಲ್ಲಿಯ ಹಳೆಯ ಪದ್ಧತಿ. ಇವೆರಡರ ನಡುವೆ ಕುಂದಗೋಳ. ಸವಾಯಿ ಗಂಧರ್ವರಿಂದ ಹೆಸರಾದ ಈ ಊರು 1948ರ ವರೆಗೆ ಮುಂಬಯಿ ಸರಕಾರದ್ದಾಗಿರದೆ ಜಮಖಂಡಿ ಸಂಸ್ಥಾನದ್ದಾಗಿತ್ತು. ಬೇನೆಗಳಿಗೆ ಮಾತ್ರ ಸಂಸ್ಥಾನದ ಗಡಿಯ ಅರಿವು ಇರಲಿಲ್ಲ.

ಹೀಗಾಗಿ ಒಂದೇ ಜಿಲ್ಹೆಯಲ್ಲಿ ಎರಡು ಬಗೆಯ ಸಂಕಟ. ಪಡುವಣ ಕಡೆಗೆ ಚಳಿಜ್ವರ. ಮೂಡಣ ಕಡೆಗೆ ನಾರುಹುಣ್ಣು. ಇವೆರಡೂ ನೀರಿನಿಂದ ಹುಟ್ಟಿದವು. ಬರಗಾಲವು ಎಲ್ಲರಿಗೂ ಸಮಾನ. 1876-78ರ ಬರದಲ್ಲಿ ಎಷ್ಟು ಜನರು ಅಳಿದರು, ಎಷ್ಟು ಜನರು ಊರು ಬಿಟ್ಟರು ಎಂಬುದನ್ನು ಜನಗಣತಿಯೇ ಹೇಳುವದು: 1872ರಲ್ಲಿ ಸುಮಾರು 9,88,000 ಇದ್ದ ಜಿಲ್ಹೆಯ ಜನಸಂಖ್ಯೆಯು 1881ರಲ್ಲಿ ಸುಮಾರು 8,83,000ಕ್ಕೆ ಇಳಿಯಿತು.

ಸರಕಾರವು ಆಗ ಏನು ಮಾಡುತ್ತಿದ್ದಿತು? ಹೆಚ್ಚಿನದೇನೂ ಇಲ್ಲ. 1869ರ ಕಾಯದೆಯ ಮೇರೆಗೆ ರೈತನು ಭೂಮಿಯ ತೆರಿಗೆಯ ಪ್ರತಿಯೊಂದು ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡಿಗೆ ಕೊಡುತ್ತಿದ್ದನು. ಆ ಹಣವು ಬಹುಮಟ್ಟಿಗೆ ರಸ್ತೆಗಳಿಗೂ ಸಾಲೆಗಳಿಗೂ ಹೋಗಿ, ದವಾಖಾನೆಗಳಿಗೆ ಉಳಿದಷ್ಟು ಉಳಿಯುತ್ತಿದ್ದಿತು. 1884ರಲ್ಲಿ ತಾಲೂಕಿಗೊಂದು, ಜಿಲ್ಹೆಗೊಂದು ಲೋಕಲ್ ಬೋರ್ಡು ಹುಟ್ಟಿದ ಮೇಲೆ ಊರ ಪ್ರಮುಖರಿಗೆ ಈ ಹಣದ ವಿಷಯದಲ್ಲಿ ಒಂದು ಮಾತಾಡಲು ಅವಕಾಶವಾಯಿತು. ತಾಲೂಕಿನ ಊರಿನ ದವಾಖಾನೆಯನ್ನು 'ಸರಕಾರೀ ಧರ್ಮ'ವೆಂದು ನಮ್ಮ ಹಿರಿಯರು ತಿಳಿದಿದ್ದರೆ ಅದು ತಪ್ಪು. ಅದು ಅವರದೇ ಒಂದಾಣೆಯಾಗಿತ್ತು.

ಮೈಲಿಬೇನೆಯ ಮಾತನ್ನು ಇಲ್ಲಿ ವಿಸ್ತರಿಸುವದಿಲ್ಲ. ಹಿಂದುಸ್ಥಾನದಲ್ಲಿ ಮೊದಲು ಮೈಲಿ ಹಾಕಿದ್ದು 1802ರ ಜೂನ್ 14ರಂದು ಮುಂಬಯಿಯಲ್ಲಿ, ಒಂದು ಕೂಸಿಗೆ. ಕಾಲಾಂತರದಲ್ಲಿ ಬೆಳಗಾವಿಯಲ್ಲಿಯೇ ಲಸಿಕೆ ತಯಾರಿಸುವ ಸಂಸ್ಥೆಯು ನಿಂತು ನಮ್ಮ ಭಾಗಕ್ಕೆ ಅನುಕೂಲವಾಯಿತು. 1975ರಲ್ಲಿ ಆ ಬೇನೆಯು ಈ ದೇಶವನ್ನೇ ಬಿಟ್ಟು ಹೋಯಿತು.

ಸರಕಾರವೂ ಜನರೂ ಮುಖಾಮುಖಿಯಾದದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಹೊತ್ತಿದ ಈ ಉರಿಯು ರೇಲ್ವೆಯ ದಾರಿಯನ್ನೇ ಹಿಡಿದು ಬಂದಿತು. 1897ರ ಫೆಬ್ರುವರಿಯಲ್ಲಿ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯದೆಯನ್ನು ಮಾಡಿ, ಮನೆಗಳನ್ನು ಶೋಧಿಸುವ, ರೋಗಿಗಳನ್ನು ಎಳೆದೊಯ್ಯುವ, ಪ್ರವಾಸಿಗರನ್ನು ತಡೆಯುವ ಅಧಿಕಾರವನ್ನು ಕೈಗೆ ತೆಗೆದುಕೊಂಡಿತು. ಪುಣೆಯಲ್ಲಿ ಗೋರಾ ಸಿಪಾಯಿಗಳು ಅಡಿಗೆಮನೆ ದೇವರಮನೆಗಳನ್ನು ಹೊಕ್ಕದ್ದರ ಪರಿಣಾಮವು ಅದೇ ವರುಷದ ಜೂನ್ 22ರಂದು ರ‍್ಯಾಂಡ್ ಸಾಹೇಬನ ಮೇಲೆ ಬಿದ್ದ ಗುಂಡಿನಲ್ಲಿ ಕಂಡಿತು. ಇದೆಲ್ಲವೂ ವಾಚಕರಿಗೆ ಗೊತ್ತಿದ್ದುದೇ. ಆದರೆ ಮರುವರುಷ ನಮ್ಮ ಹುಬ್ಬಳ್ಳಿಯಲ್ಲಿ ನಡೆದದ್ದು ಅಷ್ಟು ಜನರಿಗೆ ಗೊತ್ತಿಲ್ಲ.

ವಾಲ್ಡೆಮಾರ್ ಹಾಫ್‌ಕಿನ್ ಎಂಬ ಪಂಡಿತನು ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಅದನ್ನು ಒಂದು ಇಡಿಯ ಪಟ್ಟಣಕ್ಕೆ ಕೊಟ್ಟು ನೋಡುವ ಪ್ರಸಂಗವು ಹುಬ್ಬಳ್ಳಿಗೆ ಒದಗಿತು. ಹತ್ತಿಯ ಪೇಟೆ, ರೇಲ್ವೆಯ ಕಾರಖಾನೆ, ಐವತ್ತು ಸಾವಿರಕ್ಕೆ ಮಿಕ್ಕಿದ ಜನವಸತಿ. ಪ್ಲೇಗಿಗೆ ಇದಕ್ಕಿಂತ ಒಳ್ಳೆಯ ಬೀಡು ಯಾವದು? 1898ರ ಬೇಸಿಗೆಯಿಂದ ಮಳೆಗಾಲ ಮುಗಿಯುವ ವರೆಗೆ ಲ್ಯೂಮನ್ ಎಂಬ ಡಾಕ್ಟರನ ಮೇಲ್ವಿಚಾರಣೆಯಲ್ಲಿ ಅಲ್ಲಿ 30,000ಕ್ಕೂ ಮಿಕ್ಕಿದ ಜನರು ತೋಳು ಚಾಚಿದರು. ಅದೇ ಕಾಲಕ್ಕೆ ಈ ಭಾಗದಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ಹೆಣ್ಣು ಡಾಕ್ಟರರೂ ದುಡಿದರು. ಗೋಷೆಯ ಹೆಂಗಸರಿಗೆ ಹೆಣ್ಣು ಡಾಕ್ಟರರಿಂದ ಎಷ್ಟು ನಿರಾಳವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೊಂದು ಜನರು ಕೇವಲ ಸ್ವಸಂತೋಷದಿಂದ ಬಂದರೆಂದು ನಾನು ಹೇಳುವದಿಲ್ಲ. ಲಸಿಕೆ ಚುಚ್ಚಿಸಿಕೊಂಡ ದಾಖಲೆ ಇದ್ದವರಿಗೆ ಪ್ರತಿಬಂಧಗಳಲ್ಲಿ ಸಡಿಲಿಕೆ ಇದ್ದಿತು. ಮನೆಮಾರು ಬಿಟ್ಟು ಬೇರೆ ಶಿಬಿರದಲ್ಲಿ ಬೀಳುವದಕ್ಕಿಂತ ತೋಳಿಗೊಂದು ಸೂಜಿ ಲೇಸೆಂದು ಬಗೆದವರೂ ಬಹಳ ಜನರಿರಬೇಕು. ಆದರೂ ಸೂಜಿಗೆ ಕಾಯದೆಯ ಬಲಾತ್ಕಾರವಿರಲಿಲ್ಲ. ಓಣಿಯಲ್ಲಿ ಚುಚ್ಚಿಸಿಕೊಂಡವರು ಬದುಕಿ ಉಳಿದು, ಚುಚ್ಚಿಸಿಕೊಳ್ಳದವರು ಸಾಯುವದನ್ನು ಜನರು ಕಣ್ಣಾರೆ ಕಂಡರು. ಸರಕಾರದ ಹತ್ತು ಜಾಹೀರುಗಳಿಗಿಂತ ನೆರೆಮನೆಯ ಸಾಕ್ಷಿ ಹೆಚ್ಚು. ಶೋಧಕ್ಕೆ ಬಾಗಿಲಿಕ್ಕಿಕೊಂಡವರೇ ಸೂಜಿಗೆ ತೋಳು ಕೊಟ್ಟರೆಂದ ಮೇಲೆ, ಅವರು ಔಷಧಕ್ಕೆ ಅಂಜಿದ್ದರೆಂಬುದು ಎಲ್ಲಿ ನಿಂತಿತು?

ಹಳ್ಳಿಗಳಲ್ಲಿಯ ರೀತಿ ಬೇರೆ. ಅಲ್ಲಿಗೆ ಡಾಕ್ಟರನು ಮುಟ್ಟುವದೇ ಅಪರೂಪ. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರೇ ಎದ್ದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದಿತು. ಶಾಸ್ತ್ರಜ್ಞರು ಇಲಿ ಚಿಗಟಗಳ ಸಂಬಂಧವನ್ನು ನಿಶ್ಚಯವಾಗಿ ಸಿದ್ಧಪಡಿಸುವ ಮುಂಚೆಯೇ ನಮ್ಮ ರೈತನು ತನ್ನ ಅನುಭವದಿಂದ ಈ ಉಪಾಯವನ್ನು ಕಂಡುಕೊಂಡಿದ್ದನು. ಮುಂದೆ ಸರಕಾರವೂ ಅದನ್ನೇ ಉತ್ತಮವೆಂದಿತು. ಇಷ್ಟಾಗಿಯೂ ಪ್ಲೇಗು ಸುಲಭವಾಗಿ ಹೋಗಲಿಲ್ಲ. 1901ರಲ್ಲಿ ಸುಮಾರು 11,13,000 ಇದ್ದ ಜಿಲ್ಹೆಯ ಜನಸಂಖ್ಯೆಯು 1911ರಲ್ಲಿ ಸುಮಾರು 10,26,000ಕ್ಕೆ ಇಳಿಯಿತು. 1918ರ ಇನ್‌ಫ್ಲುಯೆಂಜಾ ಬರುವದು ಇನ್ನೂ ಬಾಕಿ ಇದ್ದಿತು. ಹಾಫ್‌ಕಿನ್‌ನಿಗೂ ಸುಖವಾಗಲಿಲ್ಲ, 1902ರಲ್ಲಿ ಪಂಜಾಬದ ಮುಲ್ಕೋವಾಲ ಎಂಬಲ್ಲಿ ಲಸಿಕೆಯ ಒಂದು ಸೀಸೆ ಕೆಟ್ಟು ಧನುರ್ವಾಯುವಿನಿಂದ 19 ಜನರು ಸತ್ತಾಗ ತಪ್ಪನ್ನೆಲ್ಲ ಅವನ ಮೇಲೆ ಹೊರಿಸಿದರು. ಅವನು ನಿರ್ದೋಷಿಯೆಂದು ಒಪ್ಪುವದಕ್ಕೆ 1907 ಬರಬೇಕಾಯಿತು.

ಇನ್ನು ಕಲಘಟಗಿಯ ಕಡೆಗೆ ತಿರುಗೋಣ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಅರಿಯದವರು ಈ ನಾಡಿನಲ್ಲಿ ವಿರಳ; ದೂರದೂರದ ಬಾಣಂತಿಯರ ಮನೆಗಳಿಗೂ ಅದು ಹೋಗುವದು. ಆದರೆ ಆ ತೊಟ್ಟಿಲನ್ನು ಮಾಡುವ ಸೀಮೆಯಲ್ಲಿಯೇ ಕೂಸುಗಳು ಜ್ವರಗಡ್ಡೆಯಿಂದ ಹೊಟ್ಟೆ ಉಬ್ಬಿ ಸೊರಗುತ್ತಿದ್ದವು. ಮಳೆ ಹಿಂದಾದ ಮೇಲೆ, ಕುಯಿಲಿಗೆ ಆಳು ಬೇಕಾದ ಹೊತ್ತಿಗೇ, ಮನೆಯವರೆಲ್ಲರೂ ಕಂಬಳಿ ಹೊದ್ದು ಮಲಗುವದು. ಚಳಿಜ್ವರವು ಕೊಲ್ಲುವದಕ್ಕಿಂತ ಬಡತನಕ್ಕೆ ತಳ್ಳುವದು ಹೆಚ್ಚು. ಪೋಸ್ಟ ಆಫೀಸುಗಳಲ್ಲಿ ಕ್ವಿನೈನಿನ ಪುಡಿಯನ್ನು ಸೋವಿಯಾಗಿ ಮಾರುವ ಏರ್ಪಾಡನ್ನು ಸರಕಾರವು ಮಾಡಿತ್ತು. ಆದರೆ ಪೋಸ್ಟ ಆಫೀಸೇ ಇಲ್ಲದ ಅಡವಿಯ ಹಳ್ಳಿಗೆ ಅದರಿಂದೇನು?

ಜ್ವರವು ಕೆಟ್ಟ ಗಾಳಿಯಿಂದ ಬರುವದಲ್ಲ, ಸೊಳ್ಳೆಯ ಹೊಟ್ಟೆಯಲ್ಲಿ ಅದರ ಬೀಜವು ಬೆಳೆಯುವದೆಂಬುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ಕಂಡನು. ತಿಳಿವು ಬಂದು ಐವತ್ತು ವರುಷಗಳಾಗುವ ವರೆಗೆ ಅದರಿಂದ ಹಳ್ಳಿಗೆ ಪ್ರಯೋಜನವಾಗಲಿಲ್ಲ. ಪಟ್ಟಣದ ಗಟಾರಕ್ಕೆ ಎಣ್ಣೆ ಹೊಯ್ಯಬಹುದು. ಹರಿಯುವ ಹಳ್ಳಕ್ಕೂ ಸಾವಿರ ಗದ್ದೆಗಳಿಗೂ ಹೊಯ್ಯುವವರಾರು? ಮಲೆಸೀಮೆಯ ಮುಖ್ಯ ಅಪರಾಧಿಯಾದ ಫ್ಲುವಿಯಾಟಿಲಿಸ್ ಎಂಬ ಜಾತಿಯ ಸೊಳ್ಳೆಯು ಇಂಥ ತಿಳಿಯಾದ ಹರಿಯುವ ನೀರಿನಲ್ಲಿಯೇ ಮೊಟ್ಟೆಯಿಡುವದು.

1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮ್ಯುಲರ್ ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದನು. ಅದನ್ನು ಗೋಡೆಗೆ ಸಿಂಪಡಿಸಿದರೆ ಅದರ ಪ್ರಭಾವವು ವಾರಗಟ್ಟಲೆ ಉಳಿಯುವದು. ರಕ್ತ ಹೀರಿ ಭಾರವಾಗಿ ಗೋಡೆಯ ಮೇಲೆ ಕುಳಿತ ಸೊಳ್ಳೆಯು ಅಲ್ಲಿಯೇ ಸಾಯುವದು. ಹಳ್ಳವನ್ನು ಬಿಟ್ಟು ಮನೆಯನ್ನು ಹಿಡಿದರೆ ಸಾಕೆಂಬುದೇ ಹೊಸ ಯುಕ್ತಿ. ಮಹಾಯುದ್ಧವು ಮುಗಿದ ಕೂಡಲೆ, 1945-46ರಲ್ಲಿ, ಮುಂಬಯಿ ಪ್ರಾಂತದ ಸರಕಾರವು ಈ ಯುಕ್ತಿಯನ್ನು ಹಳ್ಳಿಗಳಲ್ಲಿ ದೊಡ್ಡ ಪ್ರಮಾಣದಿಂದ ನಡೆಯಿಸಲು ಆರಿಸಿಕೊಂಡದ್ದು ಕಾರವಾರ ಮತ್ತು ಧಾರವಾಡ ಜಿಲ್ಹೆಗಳನ್ನು. ಡಾ. ಡಿ. ಕೆ. ವಿಶ್ವನಾಥನ್ ಅವರು ಇದರ ಮುಖಂಡರು. ಅವರ ಜೊತೆಗಾರರು ಟಿ. ರಾಮಚಂದ್ರರಾಯರು. ಇವರೇ ಮುಂದೆ ಪುಣೆಯ ವೈರಸ್ ಸಂಶೋಧನ ಕೇಂದ್ರದಲ್ಲಿ ನಮ್ಮ ಮಲೆನಾಡಿನ ಕ್ಯಾಸನೂರು ಕಾಡಿನ ಕಾಯಿಲೆಯ ಅಭ್ಯಾಸವನ್ನೂ ಮಾಡಿದರು.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪ್ಲೇಗಿನ ಕಾಲದಲ್ಲಿ ಸರಕಾರದ ಆಳು ಮನೆಯ ಹೊಸ್ತಿಲನ್ನು ದಾಟಿದ್ದಕ್ಕೆ ನಾಡೇ ಹೊತ್ತಿ ಉರಿಯಿತು. ಐವತ್ತು ವರುಷಗಳ ತರುವಾಯ ಸರಕಾರದ ಆಳು ಪಂಪು ಹೊತ್ತುಕೊಂಡು ಬಂದು, ಪಡಸಾಲೆ ದನದ ಕೊಟ್ಟಿಗೆಗಳ ಗೋಡೆಗಳಿಗೆಲ್ಲ ಬಿಳಿಯ ನೀರನ್ನು ಸಿಂಪಡಿಸಿ ಹೋದನು. ಅದೂ ಒಮ್ಮೆ ಅಲ್ಲ, ವರುಷದಲ್ಲಿ ಹಲವು ಸಲ. ಅಂಥ ಗಲಭೆ ಆಗಲಿಲ್ಲ. ಈ ಆಳು ಯಾರನ್ನೂ ಹಿಡಿದೊಯ್ಯಲು ಬಂದವನಲ್ಲ. ಇದ್ದ ಮನೆಯಲ್ಲಿಯೇ ಇರಗೊಟ್ಟನು. ತಿಗಣೆಗಳೂ ಸತ್ತವೆಂಬ ಸಂತೋಷವೂ ಗೃಹಿಣಿಯರಿಗೆ ಇದ್ದಿರಬೇಕು. ಮೊದಲ ಒಂದೆರಡು ವರುಷಗಳಲ್ಲಿಯೇ ಜ್ವರವೂ ಕೂಸುಗಳ ಜ್ವರಗಡ್ಡೆಯೂ ಸ್ಪಷ್ಟವಾಗಿ ತಗ್ಗಿದುವು. ವಿಶ್ವನಾಥನ್ ಮತ್ತು ರಾಮಚಂದ್ರರಾಯರು 1947ರಲ್ಲಿ ಈ ಫಲವನ್ನು ಪ್ರಕಟಿಸಿದರು. ಆಗ ದೇಶದಲ್ಲಿ ವರುಷಕ್ಕೆ ಏಳೂವರೆ ಕೋಟಿ ಜನರು ಚಳಿಜ್ವರದಿಂದ ನರಳುತ್ತಿದ್ದರೆಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣದ ಕಾರ್ಯವು ಆರಂಭವಾದಾಗ ಅದಕ್ಕೆ ಆಧಾರವಾದ ಅನುಭವಗಳಲ್ಲಿ ನಮ್ಮ ಜಿಲ್ಹೆಯದೂ ಒಂದು. ಇದನ್ನು ನಮ್ಮ ಸಾಲೆಯ ಪುಸ್ತಕಗಳಲ್ಲಿ ಯಾರೂ ಬರೆಯದಿದ್ದುದು ಸೋಜಿಗ.

ಗೆಲವು ಪೂರ್ಣವಾದದ್ದಲ್ಲ. 1965ರ ಹೊತ್ತಿಗೆ ದೇಶದಲ್ಲಿ ಒಂದು ಲಕ್ಷದಷ್ಟಕ್ಕೆ ಇಳಿದಿದ್ದ ರೋಗಿಗಳ ಸಂಖ್ಯೆಯು 1976ರಲ್ಲಿ ಅರುವತ್ತು ಲಕ್ಷವನ್ನು ಮೀರಿತು. ಸೊಳ್ಳೆಯು ಡಿ.ಡಿ.ಟಿ.ಯನ್ನು ತಾಳಿಕೊಳ್ಳಲು ಕಲಿತಿತ್ತು; ಸರಕಾರವು ಕೆಲಸ ಮುಗಿಯಿತೆಂದು ಮೈಮರೆತಿತ್ತು. ಆ ಪುಡಿಯು ನೆಲ ನೀರುಗಳಲ್ಲಿ ಉಳಿದು ಹಕ್ಕಿಗಳಿಗೂ ಮನುಷ್ಯರಿಗೂ ಕೇಡು ಮಾಡುವದೆಂದು ತಿಳಿದ ಮೇಲೆ ಜಗತ್ತೇ ಅದಕ್ಕೆ ಕಡಿವಾಣ ಹಾಕಿತು.

ಮೂಡಣ ಸೀಮೆಯ ನಾರುಹುಣ್ಣಿನ ಕಥೆಯು ಚಿಕ್ಕದು. ಆದರೆ ನನಗೆ ಅದೇ ಹೆಚ್ಚು ಮೆಚ್ಚಿಗೆಯಾದದ್ದು. ಕೆರೆಯಲ್ಲಿ ಕಾಲಿಳಿಸಿ ಕೊಡ ತುಂಬುವವನ ಹುಣ್ಣಿನಿಂದ ಮರಿಗಳು ನೀರಿಗೆ ಬೀಳುವವು. ಕಣ್ಣಿಗೆ ಕಾಣದಷ್ಟು ಸಣ್ಣ ನೀರುಹುಳವು ಅವನ್ನು ನುಂಗುವದು. ಆ ನೀರನ್ನು ಕುಡಿದವನ ಕಾಲಿನಿಂದ ವರುಷದ ಮೇಲೆ ಮೊಳದುದ್ದದ ನಾರು ಹೊರಬೀಳುವದು. ಅದನ್ನು ದಿನಕ್ಕಿಷ್ಟರಂತೆ ಕಡ್ಡಿಗೆ ಸುತ್ತಿ ತೆಗೆಯುವದೊಂದೇ ಚಿಕಿತ್ಸೆ. ನಡುವೆ ಹರಿದರೆ ಕಾಲು ಬಾತು ರೈತನು ತಿಂಗಳುಗಟ್ಟಲೆ ಮಲಗುವನು. ಇದಕ್ಕೆ ಲಸಿಕೆಯಿಲ್ಲ, ಗುಳಿಗೆಯಿಲ್ಲ. ಬೇಕಾದದ್ದು ನೀರು ಸೋಸುವ ಬಟ್ಟೆ, ಮತ್ತು ಯಾರೂ ಕಾಲಿಳಿಸದಂಥ ಬಾವಿ. ಅಣ್ಣಿಗೇರಿಯಂಥ ಹಳೆಯ ಜೈನಕ್ಷೇತ್ರದ ಮನೆಗಳಲ್ಲಿ ಜೀವಹಿಂಸೆಯಾಗಬಾರದೆಂದು ನೀರನ್ನು ಸೋಸಿ ಕುಡಿಯುವ ಆಚಾರವು ಮೊದಲಿನಿಂದಲೂ ಇದ್ದಿತು. ಹುಳವನ್ನು ಉಳಿಸಲು ಹಿಡಿದ ಬಟ್ಟೆಯು ಮನುಷ್ಯನನ್ನು ಉಳಿಸಿತು. 1983-84ರಲ್ಲಿ ಸರಕಾರವು ಈ ಬೇನೆಯ ನಿರ್ಮೂಲನಕ್ಕೆ ಕೈಹಾಕಿದಾಗ ಹಂಚಿದ್ದೂ ಸೋಸುವ ಬಟ್ಟೆಯನ್ನೇ. ಮೆಟ್ಟಿಲ ಬಾವಿಗಳನ್ನು ಮುಚ್ಚಿಸಿದರು, ಕೊಳವೆಬಾವಿಗಳನ್ನು ತೋಡಿಸಿದರು, ಊರೂರು ತಿರುಗಿ ರೋಗಿಗಳನ್ನು ಎಣಿಸಿದರು. ಕಟ್ಟಕಡೆಯ ರೋಗಿಯು 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಸಿಕ್ಕನು; 2000ದ ಫೆಬ್ರುವರಿಯಲ್ಲಿ ಈ ದೇಶವು ನಾರುಹುಣ್ಣಿನಿಂದ ಮುಕ್ತವೆಂದು ಜಾಗತಿಕ ಆರೋಗ್ಯ ಸಂಸ್ಥೆಯು ಸಾರಿತು. ಎರೆನಾಡಿನ ಇಂದಿನ ಹುಡುಗರಿಗೆ ಆ ಬೇನೆಯ ಹೆಸರೂ ತಿಳಿಯದು. ಅಜ್ಜನ ಕಾಲಿನ ಹಳೆಯ ಕಲೆಯನ್ನು ನೋಡಿ ಅದೇನೆಂದು ಕೇಳುವರು.