ವಿಶ್ರಾಂತಿಗೆ ಮಣಿಯದ ಬಳಲಿಕೆ

ಕನ್ನಡದಲ್ಲಿ ದಣಿವಿಗೆ ಮಾತುಗಳ ಬಡತನವಿಲ್ಲ. ಆಯಾಸ, ಬಳಲಿಕೆ, ಸುಸ್ತು, ನಿಶ್ಶಕ್ತಿ, ನಿತ್ರಾಣ - ಒಂದೊಂದಕ್ಕೂ ಅದರದೇ ಆದ ತೂಕವಿದೆ. ಹೊಲ ಉತ್ತು ಬಂದವನಿಗಿರುವುದು ದಣಿವು. ಉಂಡು ಮಲಗಿ ಎದ್ದರೆ ಅದು ಹೋಗುತ್ತದೆ. ವಿಷಮಶೀತ ಜ್ವರದಿಂದ ಎದ್ದವನಿಗಿರುವುದು ನಿತ್ರಾಣ. ಗಂಜಿ, ತಿಳಿಸಾರು, ನಾಲ್ಕು ವಾರದ ಆರೈಕೆ ಅದಕ್ಕೆ ಮದ್ದು. ಇವೆರಡೂ ಅಲ್ಲದ ಮೂರನೆಯದೊಂದಿದೆ. ಅದು ಮಲಗಿ ಎದ್ದರೂ ಹೋಗದು. ಎಷ್ಟು ಉಣ್ಣಿಸಿದರೂ ಹೋಗದು. ಇಂದು ಎರಡು ಮಹಡಿ ಹತ್ತಿದ ತಪ್ಪಿಗೆ ನಾಳೆ ಹಾಸಿಗೆ ಹಿಡಿಸುತ್ತದೆ. ರಕ್ತ, ಮೂತ್ರ, ಎಕ್ಸ್‌ರೇ ಎಲ್ಲವನ್ನೂ ನೋಡಿದ ಡಾಕ್ಟರು "ನಿಮಗೇನೂ ಇಲ್ಲ" ಎಂದು ಕಳುಹಿಸಿಕೊಡುತ್ತಾರೆ. ಮನೆಗೆ ಬಂದರೆ ಮನೆಯವರ ಮುಖದಲ್ಲೂ ಅದೇ ಮಾತು ಬರೆದಿರುತ್ತದೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತೆನ್ನಬೇಕು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ 'ಕ್ಲಮ' ಎಂಬ ಸ್ಥಿತಿಯ ಲಕ್ಷಣ ಹೇಳಿದೆ. ಕೆಲಸ ಮಾಡದೆಯೇ ದೇಹದಲ್ಲಿ ಬೆಳೆಯುವ ಶ್ರಮ, ಏದುಸಿರಿಲ್ಲದ್ದು, ಇಂದ್ರಿಯಗಳು ತಮ್ಮ ವಿಷಯಗಳನ್ನು ಗ್ರಹಿಸದಂತೆ ಅಡ್ಡ ಬರುವಂಥದು - ಅದು ಕ್ಲಮ. ಇಷ್ಟು ಅಚ್ಚುಕಟ್ಟಾದ ಮಾತನ್ನು ಪಶ್ಚಿಮದ ವೈದ್ಯರು ಆಡುವುದಕ್ಕೆ ಬಹಳ ಕಾಲ ಹಿಡಿಯಿತು.

೧೮೬೯ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಜಾರ್ಜ್ ಮಿಲ್ಲರ್ ಬಿಯರ್ಡ್ ಇದಕ್ಕೆ 'ನ್ಯೂರಸ್ತೀನಿಯಾ' ಎಂದು ಹೆಸರಿಟ್ಟ. ನರಗಳ ಬಲ ಕುಂದುವುದು ಎಂದು ಅದರ ಅರ್ಥ. ನಮ್ಮ ಪತ್ರಿಕೆಗಳ ಜಾಹೀರಾತುಗಳಲ್ಲಿ ಬಗೆಬಗೆಯ ಟಾನಿಕ್ಕುಗಳನ್ನು ಮಾರಿಸಿದ 'ನರದೌರ್ಬಲ್ಯ' ಇದೇ ಅರ್ಥದ ಮಾತು. ಹಬೆಯಂತ್ರ, ತಂತಿ, ದಿನಪತ್ರಿಕೆ, ವಿಜ್ಞಾನ, ಜೊತೆಗೆ ಹೆಂಗಸರ ಬೌದ್ಧಿಕ ಚಟುವಟಿಕೆ - ನಾಗರಿಕತೆಯ ಈ ಐದು ಹೊಸತುಗಳು ಮನುಷ್ಯನ ನರಶಕ್ತಿಯನ್ನು ಹೀರುತ್ತಿವೆ ಎಂದು ಅವನು ೧೮೮೧ರ ತನ್ನ ಗ್ರಂಥದಲ್ಲಿ ವಾದಿಸಿದ. ಎಡಿಸನ್ನನ ವಿದ್ಯುದ್ದೀಪಗಳ ಹೋಲಿಕೆ ಕೊಟ್ಟ: ವಿದ್ಯುತ್ತು ಇರುವುದು ಅಷ್ಟೇ, ದೀಪಗಳನ್ನು ಏರಿಸುತ್ತ ಹೋದರೆ ಎಲ್ಲವೂ ಮಂಕಾಗುತ್ತವೆ. ಅವನ ದೃಷ್ಟಿಯಲ್ಲಿ ಇದು ಮಿದುಳಿನಿಂದ ದುಡಿಯುವ ಮೇಲುವರ್ಗದವರ ಕಾಯಿಲೆ. ತಮಾಷೆಯೆಂದರೆ, ಅದೇ ೧೮೬೯ರಲ್ಲಿ ಮಿಷಿಗನ್ ಪ್ರಾಂತದ ಕಲಮಜೂ ಊರಿನ ಮಾನಸಿಕ ಆಸ್ಪತ್ರೆಯ ಮೇಲ್ವಿಚಾರಕ ವ್ಯಾನ್ ಡ್ಯೂಸನ್ ಎಂಬಾತ ಇದೇ ಪದವನ್ನು ಒಂಟಿ ತೋಟದ ಮನೆಗಳಲ್ಲಿ ದುಡಿದು ಸೋತ ರೈತರ ಹೆಂಡಂದಿರಿಗೆ ಬಳಸಿದ್ದ. ಅವನನ್ನು ಯಾರೂ ನೆನಪಿನಲ್ಲಿಟ್ಟುಕೊಳ್ಳಲಿಲ್ಲ. ರೈತನ ಹೆಂಡತಿಯ ಬಳಲಿಕೆಗಿಂತ ವಕೀಲನ ಬಳಲಿಕೆ ಮಾನ್ಯವಾಯಿತು.

ಹೆಸರಾಯಿತು, ಚಿಕಿತ್ಸೆ? ಅದನ್ನು ಕೊಟ್ಟವನು ಫಿಲಡೆಲ್ಫಿಯಾದ ಸೈಲಸ್ ವೀಯರ್ ಮಿಚೆಲ್. ಇವನು ಸಾಮಾನ್ಯನಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರ ನರಗಳನ್ನು ಅಭ್ಯಸಿಸಿದವನು. ಕತ್ತರಿಸಿಹೋದ ಕೈಕಾಲು ಇನ್ನೂ ನೋಯುತ್ತಿದೆಯೆಂದು ಸೈನಿಕರು ಹೇಳಿದಾಗ ನಂಬಿ, ಆ ನೋವನ್ನು ವೈದ್ಯಗ್ರಂಥಗಳಿಗೆ ಸೇರಿಸಿದವನು. ಅಂಥವನು ಬಳಲಿದ ಹೆಂಗಸರ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಿನ ದೊರೆಯಾದ. ವಾರಗಟ್ಟಲೆ ಹಾಸಿಗೆ, ಹಾಲು ಬೆಣ್ಣೆಯ ಧಾರಾಳ ಊಟ, ಅಂಗಮರ್ದನ, ವಿದ್ಯುತ್ತಿನ ಉಪಚಾರ. ಓದು ಬರಹ ನಿಷಿದ್ಧ. ಗಂಡಸರಾದರೆ ಕುದುರೆ ಹತ್ತಿಸಿ ಪಶ್ಚಿಮದ ಬಯಲುಗಳಿಗೆ ಕಳುಹಿಸುತ್ತಿದ್ದ! ೧೮೮೭ರಲ್ಲಿ ಅವನ ಕೈಗೆ ಸಿಕ್ಕಿದ ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಆ ಉಪಚಾರದಿಂದ ಬುದ್ಧಿಭ್ರಮಣೆಯ ಅಂಚಿಗೆ ಹೋಗಿ ಬಂದು, ೧೮೯೨ರಲ್ಲಿ 'ಹಳದಿ ಗೋಡೆಕಾಗದ' ಎಂಬ ಕಥೆಯನ್ನು ಪ್ರಕಟಿಸಿದಳು. ಮಿಚೆಲ್ಲನಿಗೂ ಒಂದು ಪ್ರತಿ ಕಳುಹಿಸಿದೆನೆಂದೂ ಉತ್ತರ ಬರಲಿಲ್ಲವೆಂದೂ ಹೇಳಿಕೊಂಡಿದ್ದಾಳೆ.

ಇದೇ ಹೊತ್ತಿಗೆ ಇಟಲಿಯ ಟ್ಯೂರಿನ್ನಿನಲ್ಲಿ ಆಂಜೆಲೋ ಮೊಸ್ಸೋ ಎಂಬ ಶರೀರಶಾಸ್ತ್ರಜ್ಞ ಬೆರಳಿಗೆ ತೂಕ ಕಟ್ಟಿ, ಎಷ್ಟು ಸಲ ಎತ್ತಿದರೆ ಅದು ಸೋಲುತ್ತದೆಂದು ಅಳೆಯುವ ಯಂತ್ರವನ್ನು ಮಾಡಿದ್ದ. ಮಧ್ಯಾಹ್ನವೆಲ್ಲ ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ಸಹೋದ್ಯೋಗಿಯ ಬೆರಳು ಸಹ ಬೇಗ ಸೋತಿತಂತೆ. ದುಡಿದದ್ದು ಮಿದುಳು, ಸೋತದ್ದು ಬೆರಳು. ೧೮೯೧ರಲ್ಲಿ ಪ್ರಕಟವಾದ ಅವನ ಗ್ರಂಥದ ಹೆಸರೇ 'ದಣಿವು'.

ಇನ್ನು ಮುಖ್ಯವಾದ ಘಟನೆಗೆ ಬರೋಣ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ, ೧೯೫೫ರ ಜುಲೈ ೧೩. ಅಲ್ಲಿಯೇ ವಾಸವಾಗಿದ್ದ ಒಬ್ಬ ಡಾಕ್ಟರೂ ವಾರ್ಡಿನ ಒಬ್ಬ ಹಿರಿಯ ನರ್ಸೂ ಒಟ್ಟಿಗೆ ಕಾಯಿಲೆ ಬಿದ್ದರು. ಗಂಟಲುನೋವು, ತಲೆನೋವು, ಊದಿದ ಗ್ರಂಥಿಗಳು, ಸಣ್ಣ ಜ್ವರ. ಆಮೇಲೆ ಸ್ನಾಯುಗಳ ನೋವು, ನಡುಕ, ಕೈಕಾಲು ಜೋಮು, ಕೆಲವರಿಗೆ ಒಂದು ಎರಡಾಗಿ ಕಾಣುವುದು. ಎರಡು ವಾರದೊಳಗೆ ಸಿಬ್ಬಂದಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಮಲಗಿದರು. ಜುಲೈ ೨೫ಕ್ಕೆ ಮುಚ್ಚಿದ ಆಸ್ಪತ್ರೆಯ ಬಾಗಿಲು ತೆರೆದದ್ದು ಅಕ್ಟೋಬರ್ ೫ಕ್ಕೆ. ನವೆಂಬರಿನ ಹೊತ್ತಿಗೆ ಸಿಬ್ಬಂದಿಯಲ್ಲಿ ೨೯೨ ಮಂದಿಗೆ ತಗುಲಿತ್ತು. ಅವರಲ್ಲಿ ೨೫೫ ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ವಿಚಿತ್ರವೆಂದರೆ, ಮೊದಲೇ ರೋಗಿಗಳಾಗಿ ಮಲಗಿದ್ದವರಲ್ಲಿ ಇದು ಬಂದದ್ದು ಕೇವಲ ಹನ್ನೆರಡು ಜನಕ್ಕೆ. ಹೀಗೆ ಆದದ್ದು ಇದೇ ಮೊದಲೇನಲ್ಲ. ೧೯೩೪ರಲ್ಲಿ ಲಾಸ್ ಏಂಜಲೀಸಿನ ಸಾರ್ವಜನಿಕ ಆಸ್ಪತ್ರೆಯ ೧೯೮ ಮಂದಿ ನೌಕರರೂ, ೧೯೪೮ರ ಚಳಿಗಾಲದಲ್ಲಿ ಐಸ್‌ಲೆಂಡಿನ ಅಕುರೆಯ್ರಿ ಎಂಬ ಊರಿನಲ್ಲಿ ನಾನೂರಕ್ಕೆ ಮೀರಿದ ಜನರೂ ಇಂಥದೇ ಕಾಯಿಲೆಗೆ ತುತ್ತಾಗಿದ್ದರು.

ರಾಯಲ್ ಫ್ರೀಯಲ್ಲಿ ಸಾಂಕ್ರಾಮಿಕ ರೋಗಗಳ ತಜ್ಞನಾಗಿದ್ದವನು ಮೆಲ್ವಿನ್ ರ್‍ಯಾಮ್ಸೆ. ಬಹುಮಂದಿ ಗುಣವಾದರು, ಕೆಲವರು ಗುಣವಾಗಲೇ ಇಲ್ಲ. ರ್‍ಯಾಮ್ಸೆ ಆ ಕೆಲವರನ್ನು ಬಿಡಲಿಲ್ಲ. ಅವನು ಕಂಡುಕೊಂಡ ಸಂಗತಿ ಇದು: ಸ್ವಲ್ಪವೇ ಶ್ರಮಪಟ್ಟರೂ ಇವರ ಸ್ನಾಯುಗಳ ಬಲ ಮರಳುವುದಕ್ಕೆ ಮೂರು, ನಾಲ್ಕು, ಐದು ದಿನ ಬೇಕು. ಸುಮ್ಮನೆ ಸುಸ್ತಾದವನಿಗೂ ಇವರಿಗೂ ಇರುವ ವ್ಯತ್ಯಾಸ ಇಲ್ಲಿದೆ. ೧೯೫೬ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ತನ್ನ ಅಗ್ರಲೇಖನದಲ್ಲಿ ಇದಕ್ಕೆ 'ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್' ಎಂದು ಬಾಯಿ ನೋಯುವಂಥ ಹೆಸರನ್ನು ಸೂಚಿಸಿತು. ಹಿಂದೆ 'ನಿರುಪದ್ರವಿ' ಎಂಬ ವಿಶೇಷಣವೂ ಇತ್ತು! ಯಾರೂ ಸಾಯಲಿಲ್ಲವೆಂಬುದೇ ಅದಕ್ಕೆ ಕಾರಣ. ೧೯೬೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನರಮಂಡಲದ ರೋಗಗಳ ಪಟ್ಟಿಗೆ ಸೇರಿಸಿತು.

ಅಲ್ಲಿಗೆ ಕಥೆ ಮುಗಿಯಬಹುದಿತ್ತು. ೧೯೭೦ರ ಜನವರಿಯಲ್ಲಿ ಮೆಕ್ಎವೆಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು (ಈ ಬಿಯರ್ಡ್ ಬೇರೆ, ಹೆಸರಿನ ಹೊಂದಿಕೆ ಆಕಸ್ಮಿಕ) ರಾಯಲ್ ಫ್ರೀಯ ಪ್ರಕರಣ ಸಾಮೂಹಿಕ ಉನ್ಮಾದವೆಂದು 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬರೆದರು. ಅವರ ಮುಖ್ಯ ಆಧಾರಗಳಲ್ಲೊಂದು, ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚೆಂಬುದು. ಅವರು ಹಳೆಯ ಕಡತಗಳನ್ನು ಓದಿದರೇ ಹೊರತು ಒಬ್ಬ ರೋಗಿಯನ್ನೂ ಕಂಡು ಮಾತನಾಡಿಸಲಿಲ್ಲ. ವಾದ ಪೂರ್ತಿ ಅವಿಚಾರದ್ದೆಂದು ನಾನು ಹೇಳಲಾರೆ. ಯಾವ ರೋಗಾಣುವೂ ಸಿಕ್ಕಿರಲಿಲ್ಲವೆಂಬುದು ನಿಜ. ಆದರೆ ಹದಿನೈದು ವರ್ಷದಿಂದ ಅದೇ ರೋಗಿಗಳನ್ನು ನೋಡುತ್ತಿದ್ದ ರ್‍ಯಾಮ್ಸೆಯ ಮಾತಿಗಿಂತ ಕಡತದ ಮಾತು ಮೇಲಾದದ್ದು ಹೇಗೆ? ಹೇಗೋ ಆಯಿತು. ಮುಂದಿನ ತಲೆಮಾರಿನ ವೈದ್ಯರಲ್ಲಿ ಅನೇಕರು 'ಉನ್ಮಾದ' ಎಂಬ ಪದವನ್ನೇ ಕಲಿತರು.

ಇದರ ಪಕ್ಕದಲ್ಲಿ ಇನ್ನೊಂದು ರೋಗವನ್ನಿಟ್ಟು ನೋಡಬೇಕು. ಪ್ಯಾರಿಸ್ಸಿನ ಷಾರ್ಕೋ ೧೮೬೮ರಲ್ಲಿ ವಿವರಿಸಿದ 'ಮಲ್ಟಿಪಲ್ ಸ್ಕ್ಲೀರೋಸಿಸ್' ರೋಗದಲ್ಲಿಯೂ ಬಳಲಿಕೆಯೇ ಎದ್ದುಕಾಣುವ ಕಷ್ಟಗಳಲ್ಲೊಂದು. ಮೈ ಬಿಸಿಯಾದರೆ ಅದು ಇನ್ನೂ ಹೆಚ್ಚುತ್ತದೆ. ಆದರೆ ಅಲ್ಲಿ ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ ಗಟ್ಟಿಯಾದ ಕಲೆಗಳನ್ನು ಕಣ್ಣಾರೆ ಕಾಣಬಹುದು. ಆದ್ದರಿಂದ ಆ ಬಳಲಿಕೆಯನ್ನು ನಂಬುತ್ತಾರೆ.

೧೯೮೪ರಲ್ಲಿ ಅಮೆರಿಕದ ನೆವಾಡಾ ಪ್ರಾಂತದ ಇನ್‌ಕ್ಲೈನ್ ವಿಲೇಜ್ ಎಂಬ ಊರಿನಲ್ಲಿ ಮತ್ತೆ ಇದೇ ಬಗೆಯ ಕಾಯಿಲೆ ಕಾಣಿಸಿಕೊಂಡಿತು. ೧೯೮೮ರಲ್ಲಿ ಅಲ್ಲಿನ ಸರ್ಕಾರಿ ರೋಗನಿಯಂತ್ರಣ ಸಂಸ್ಥೆ ಹೊಸ ಹೆಸರು ಕೊಟ್ಟಿತು: 'ಕ್ರಾನಿಕ್ ಫಟೀಗ್ ಸಿಂಡ್ರೋಮ್', ದೀರ್ಘಕಾಲದ ದಣಿವಿನ ಕೂಟ. ಹೆಸರು ಸುಲಭವಾಯಿತು, ಕೇಳಿದವರೆಲ್ಲ "ದಣಿವು ಯಾರಿಗಿಲ್ಲ, ಸ್ವಾಮಿ?" ಎನ್ನುವುದೂ ಸುಲಭವಾಯಿತು.

ಮಿಚೆಲ್ ಮಲಗಿಸಿದ, ಇಪ್ಪತ್ತೊಂದನೆಯ ಶತಮಾನ ಎಬ್ಬಿಸಿ ನಡೆಸಿತು. ರೋಗಿಗೆ ಇರುವುದು ಶ್ರಮದ ಭಯ, ಮಲಗಿ ಮಲಗಿ ಸ್ನಾಯು ಸಡಿಲಾಗಿದೆ, ದಿನದಿನಕ್ಕೆ ವ್ಯಾಯಾಮ ಏರಿಸಿದರೆ ಸರಿಹೋಗುತ್ತದೆ ಎಂಬುದು ಹೊಸ ಸಿದ್ಧಾಂತ. ೬೪೧ ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆಸಿದ ಪ್ರಯೋಗ ಅದನ್ನು ಸಮರ್ಥಿಸಿತೆಂದು ೨೦೧೧ರಲ್ಲಿ ಪ್ರಕಟವಾಯಿತು. ರೋಗಿಗಳು ಒಪ್ಪಲಿಲ್ಲ, ವ್ಯಾಯಾಮದಿಂದ ಹದಗೆಟ್ಟೆವೆಂದರು, ಲೆಕ್ಕ ತೋರಿಸಿರೆಂದರು. ೨೦೧೬ರಲ್ಲಿ ಒಂದು ನ್ಯಾಯಮಂಡಳಿ ಅಂಕಿಅಂಶಗಳನ್ನು ಹೊರಗೆ ಕೊಡಬೇಕೆಂದು ತೀರ್ಪಿತ್ತಿತು. ವಾಚಕರು ಒಂದನ್ನು ಗಮನಿಸಬೇಕು. ದೇಹಬಲಕ್ಕೆ ನೂರರಲ್ಲಿ ೬೫ ಅಥವಾ ಅದಕ್ಕಿಂತ ಕಡಿಮೆ ಅಂಕವಿದ್ದವರನ್ನು ರೋಗಿಗಳೆಂದು ಪ್ರಯೋಗಕ್ಕೆ ಸೇರಿಸಿಕೊಂಡಿದ್ದರು. ಗುಣವಾಯಿತೆನ್ನಲು ಇಟ್ಟ ಅಳತೆಗಳಲ್ಲೊಂದು ಅದೇ ಬಲಕ್ಕೆ ೬೦ ಅಂಕ! ಅಂದರೆ ಆ ಒಂದು ಅಳತೆಯ ಮಟ್ಟಿಗೆ, ಸೇರುವಾಗಿನದಕ್ಕಿಂತ ಕುಗ್ಗಿ ಹೋದವನೂ ತೇರ್ಗಡೆಯಾಗಬಹುದಿತ್ತು. ನಮ್ಮ ಯಾವ ಶಾಲೆಯ ಮೇಷ್ಟರೂ ಇಂಥ ಪರೀಕ್ಷೆಯನ್ನು ನಡೆಸಿರಲಾರರು.

೨೦೧೫ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆ, ಇದು ದೇಹದ ಗಂಭೀರ ರೋಗವೆಂದೂ ಶ್ರಮದ ನಂತರ ಹದಗೆಡುವುದೇ ಇದರ ಮುಖ್ಯ ಗುರುತೆಂದೂ ಹೇಳಿತು. ಬ್ರಿಟನ್ನಿನ ಚಿಕಿತ್ಸಾ ಮಾರ್ಗದರ್ಶಿ ೨೦೨೧ರ ಅಕ್ಟೋಬರಿನಲ್ಲಿ ಏರುವ ವ್ಯಾಯಾಮವನ್ನು ಕೈಬಿಟ್ಟಿತು. ಅಷ್ಟರಲ್ಲಿ ಕೋವಿಡ್ ಬಂದು ಹೋಗಿ, ಗುಣವಾದರೂ ಏಳಲಾರದವರು ಲೋಕದ ತುಂಬ ಇದ್ದರು. ೨೦೦೬ರಲ್ಲಿ ಚಿಕೂನ್‌ಗುನ್ಯಾದಿಂದ ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆದ ನಮ್ಮ ಹಳ್ಳಿಗಳ ಜನಕ್ಕೆ, ಜ್ವರ ಬಿಟ್ಟರೂ ಕಾಯಿಲೆ ಬಿಡದೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಹೊತ್ತಿಗೂ ಇದನ್ನು ವಾಸಿಮಾಡುವ ಔಷಧವಿಲ್ಲ. ಇರುವುದು ಒಂದು ಬಗೆಯ ಗೃಹಕೃತ್ಯ: ಸಂಬಳ ಕಡಿಮೆಯಿದ್ದ ಮನೆಯೊಡತಿ ತಿಂಗಳು ತೂಗಿಸುವ ಹಾಗೆ ಶಕ್ತಿಯನ್ನು ತೂಗಿಸುವುದು. ಸ್ನಾನವೂ ಖರ್ಚು, ಮಾತೂ ಖರ್ಚು, ಪತ್ರ ಓದುವುದೂ ಖರ್ಚು. ಕೂತು ತರಕಾರಿ ಹೆಚ್ಚುವುದು. ಸ್ನಾನದ ದಿನ ಅಡಿಗೆ ಬೇಡವೆನ್ನುವುದು. ಸುಸ್ತಾದ ಮೇಲೆ ನಿಲ್ಲಿಸುವುದಲ್ಲ, ಸುಸ್ತಾಗುವುದಕ್ಕೆ ಮೊದಲೇ ನಿಲ್ಲಿಸುವುದು. ಮೈ ಹಗುರವಾದ ದಿನ ಬಾಕಿ ಕೆಲಸಗಳನ್ನೆಲ್ಲ ಮುಗಿಸಿಬಿಡುವ ಆಸೆಯನ್ನು ತಡೆದುಕೊಳ್ಳುವುದೇ ಎಲ್ಲಕ್ಕಿಂತ ಕಷ್ಟವಂತೆ. ಸಾಲ ಮಾಡಿದ ಶಕ್ತಿಗೆ ಬಡ್ಡಿ ಮರುದಿನ, ಇಲ್ಲವೆ ಮೂರನೆಯ ದಿನ ಬರುತ್ತದೆ.

ಈ ರೋಗಿಗಳು ತಮ್ಮ ದಿನವೆಂದು ಆರಿಸಿಕೊಂಡಿರುವುದು ಮೇ ೧೨ನ್ನು. ಅದು ಫ್ಲಾರೆನ್ಸ್ ನೈಟಿಂಗೇಲಳು ಹುಟ್ಟಿದ ದಿನ. ದೀಪ ಹಿಡಿದು ಗಾಯಾಳುಗಳ ನಡುವೆ ನಡೆದವಳೆಂದೇ ನಾವು ಆಕೆಯನ್ನು ಪಠ್ಯಪುಸ್ತಕದಲ್ಲಿ ಓದಿರುವುದು. ೧೮೫೫ರಲ್ಲಿ ಕ್ರಿಮಿಯಾದಲ್ಲಿ ಬಂದ ಜ್ವರದ ನಂತರ ಆಕೆಯ ಆರೋಗ್ಯ ಮೊದಲಿನಂತಾಗಲಿಲ್ಲ. ೧೮೫೭ರಲ್ಲಿ ಕುಸಿದು ಬಿದ್ದ ಮೇಲೆ ವರ್ಷಗಟ್ಟಲೆ ಬಹುಪಾಲು ಹಾಸಿಗೆಯಲ್ಲೇ ಕಳೆದಳು. ನಟನೆಯೆಂದವರೂ ಉಂಟು, ಅದು ಬ್ರುಸೆಲ್ಲಾ ಎಂಬ ರೋಗಾಣುವಿನ ದೀರ್ಘ ಪೀಡೆಯಿರಬೇಕೆಂದು ೧೯೯೫ರಲ್ಲಿ ಒಬ್ಬ ಸಂಶೋಧಕ ವಾದಿಸಿದ. ಭಾರತದಲ್ಲಿನ ಸೈನ್ಯದ ನೈರ್ಮಲ್ಯದ ಬಗ್ಗೆ ೧೮೬೩ರಲ್ಲಿ ಹೊರಬಂದ ರಾಜಾಯೋಗದ ವರದಿಗಾಗಿ ಇಲ್ಲಿಯ ಚರಂಡಿ, ಬಾವಿ, ಬ್ಯಾರಕ್ಕುಗಳ ಲೆಕ್ಕಗಳನ್ನು ತರಿಸಿಕೊಂಡು ಆಕೆ ಓದಿದ್ದು ಆ ಕಾಯಿಲೆಯ ವರ್ಷಗಳಲ್ಲಿಯೇ. ಭಾರತಕ್ಕೆ ಆಕೆ ಒಮ್ಮೆಯೂ ಬರಲಿಲ್ಲ. ಲಂಡನ್ನಿನ ಆ ಮನೆಯಲ್ಲಿ ಆಕೆಯನ್ನು ಕಾಣಬೇಕಾದರೆ ಎಂಥ ದೊಡ್ಡವರೂ ಮೊದಲೇ ಹೊತ್ತು ಗೊತ್ತುಮಾಡಿಕೊಂಡು ಬರಬೇಕಾಗಿತ್ತು. ಅದೂ ಒಂದು ಸಲಕ್ಕೆ ಒಬ್ಬರೇ.