ಉಡಿ ತುಂಬಿದ್ದು ಯಾರಿಗೆ, ಬಿಟ್ಟಿದ್ದು ಯಾರನ್ನ?

ಮೊನ್ನೆ ನಮ್ಮ ಓಣಿ ಹುಡುಗಿಯೊಬ್ಬಾಕಿ ಫೋನ್ ಮಾಡಿದ್ಲು. ಆಕಿ ಮಗನ ಸಾಲ್ಯಾಗ ವರ್ಷದ ಕಡೀ ಸಭಾ ಐತಂತ. ವರ್ಷಪೂರ್ತಿ ಸಾಲಿಗೆ ಬಂದು ದುಡದ 18 ತಾಯಂದಿರಿಗೆ ಏನರ ಮಾಡಬೇಕು, ಕೈಯಾಗಿರೋದು 1,000 ರೂಪಾಯಿ. "ಕಾಕೂ, ಇದರಾಗ ಏನ್ ಕೊಡಾಕಾಗತೈತಿ ಹೇಳ್ರಿ" ಅಂದ್ಲು. ನಾ ಫೋನಿನ್ಯಾಗ ಎರಡು ಮಾತು ಹೇಳಿ ಮುಗಿಸಿದೆ. ಆದ್ರ ಮನಸ್ಸಿನ್ಯಾಗ ಅದು ಮುಗೀಲಿಲ್ಲ. ಅದಕ್ಕ ಇಲ್ಲಿ ಪೂರ್ತಿ ಬರಿಯಾಕತ್ತೀನಿ.

ಸಾಲಿಗೆ ಉಪಕಾರ ಮಾಡಿದವರನ್ನ ನೆನಸೋ ಪದ್ಧತಿ ನಮ್ಮ ಕಡೆ ಹಳೇದು. ಯಾವುದರ ಹಳೇ ಸಾಲಿ ಒಳಗ ಹೋಗಿ ಒಂದು ಸುತ್ತು ಕಣ್ಣಾಡಿಸ್ರಿ. ಬಾಗಲಾ ಮಗ್ಗಲಕ ಜಾಗಾ ಕೊಟ್ಟವರ ಕಲ್ಲು. ಗ್ವಾಡಿ ಮ್ಯಾಲೆ ದೇಣಿಗಿ ಕೊಟ್ಟವರ ಹೆಸರು, ಮುಂದ ರೂಪಾಯಿ. ಬೆಂಚಿನ ಬೆನ್ನಿಗೆ, ತಿಜೋರಿ ಬಾಗಲಿಗೆ ಹೆಸರು. ಅಷ್ಟ ಯಾಕ, ಫ್ಯಾನಿನ ಮೂರೂ ರೆಕ್ಕಿ ಮ್ಯಾಲೆ "ಇಂಥವರ ಸ್ಮರಣಾರ್ಥ" ಅಂತ ಬರದಿರತಾರ. ಕರೆಂಟ್ ಹೋದಾಗ ಮಾತ್ರ ಓದಾಕ ಬರತೈತಿ! ನಾ ನಗೋದಿಲ್ಲ, ಕೊಟ್ಟವರು ದೊಡ್ಡವರ. ಆದ್ರ ಆ ಹೆಸರೊಳಗ ಹೆಣ್ಮಕ್ಕಳ ಹೆಸರು ಎಷ್ಟು ಅಂತ ಎಣಿಸ್ರಿ. ಇದ್ರೂ ಬಹುತೇಕ ತೀರಿಕೊಂಡ ಮ್ಯಾಲೆ ಮಗ ಬರಸಿದ್ದು. ರೊಕ್ಕ ಕೊಟ್ಟವರ ಹೆಸರು ಕಲ್ಲಿಗೆ ಏರತೈತಿ, ದುಡಕಿ ಕೊಟ್ಟವರದ್ದು ಏರೋದಿಲ್ಲ.

ದುಡಕಿ ಅಂದ್ರ ಸಣ್ಣದಲ್ಲ. ನಮ್ಮ ಧಾರವಾಡ, ಬೆಳಗಾವಿ ಎಲ್ಲಾ ಮುಂಬೈ ಪ್ರಾಂತ್ಯದಾಗ ಇದ್ದ ಕಾಲದ ಒಂದು ಸಂಗತಿ ಹೇಳತೀನಿ. ಅದ ಪ್ರಾಂತ್ಯದ ಸಾತಾರಾ ಜಿಲ್ಲಾದಾಗ, 1919ರಾಗ ಭಾವುರಾವ್ ಪಾಟೀಲರು ರಯತ ಶಿಕ್ಷಣ ಸಂಸ್ಥಾ ಶುರು ಮಾಡಿದ್ರು. ಬಡವರ ಮಕ್ಕಳು, ಎಲ್ಲಾ ಜಾತಿ ಮಕ್ಕಳು, ಒಂದ ಪಂಕ್ತಿಯೊಳಗ ಉಂಡು ಕಲೀಬೇಕು ಅಂತ ಬೋರ್ಡಿಂಗ್ ನಡಸಿದ್ರು. 1927ರಾಗ ಗಾಂಧೀಜಿ ಬಂದು ನೋಡಿ ಹೋದ್ರು. ಊಟಕ್ಕ ಕಾಳು ಎಲ್ಲಿಂದ? ಮುಷ್ಟಿ ಫಂಡ್ ಅಂತ ಮಾಡಿದ್ರು. ಮನಿ ಮನಿಯಿಂದ ಒಂದೊಂದು ಮುಷ್ಟಿ ಕಾಳು ಕೂಡಿಸೋದು. ಅಡಗಿಮನಿ ಗಡಿಗಿಗೆ ಕೈ ಹಾಕಿ ಮುಷ್ಟಿ ತಗಿಯೋರು ಯಾರು ಅಂತ ನಿಮಗ ನಾ ಹೇಳಬೇಕಾಗಿಲ್ಲ.

ಆ ಮುಷ್ಟಿನೂ ಸಾಲದಾದಾಗ ಭಾವುರಾವರ ಹೆಂಡ್ತಿ ಲಕ್ಷ್ಮೀಬಾಯಿ ಮೈಮ್ಯಾಲಿನ ಒಡವಿ ಒಂದೊಂದ ತಗದು ಕೊಟ್ರು. ಕಡೀಗೆ ಕೊರಳಾಗಿನ ಮಂಗಳಸೂತ್ರನೂ ಮಕ್ಕಳ ಊಟಕ್ಕ ಹೋತು. 1930ರಾಗ ಆ ತಾಯಿ ತೀರಿಕೊಂಡ್ರು. ಮುಂದ ಸೋಲಾಪುರದಾಗ ಹೆಣ್ಮಕ್ಕಳ ಕಾಲೇಜಿಗೆ ಅವರ ಹೆಸರಿಟ್ಟಾರ, ಅದೊಂದು ಸಮಾಧಾನ. ಮಂಗಳಸೂತ್ರದ ಈ ಮಾತು ನೆನಪಿಟ್ಟುಕೊಳ್ರಿ, ಮುಂದ ಬರತೈತಿ.

ಇನ್ನ ನಮ್ಮ ಕಾಲಕ್ಕ ಬರೋಣ. ಮೊದಲೆಲ್ಲಾ ಸಾಲಿ ಕಮಿಟಿ ಅಂದ್ರ ಊರ ಹಿರ್ಯಾರು, ಕುರ್ಚಿ ಮ್ಯಾಲೆ ಕೂತು ಚಾ ಕುಡದು ಸಹಿ ಹಾಕೋರು. ವಿಜ್ಞಾನಿ ರಾಜಾ ರಾಮಣ್ಣ ಅವರ ಮುಂದಾಳತನದಾಗ ಸರ್ಕಾರ ಶಿಕ್ಷಣದ ಕಾರ್ಯಪಡೆ ಮಾಡಿತ್ತಲ್ಲ, ಅದರ ಮಾತಿನ ಮ್ಯಾಲೆ 2001ರಾಗ ಸರ್ಕಾರಿ ಸಾಲಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂತು. ಎಸ್.ಡಿ.ಎಂ.ಸಿ. ಅಂತೀವಲ್ಲ, ಅದ. ಆವಾಗಿಂದ ಸಾಲ್ಯಾಗ ಓದೋ ಮಕ್ಕಳ ತಾಯಿ-ತಂದಿಗೆ ಕಮಿಟಿಯೊಳಗ ಜಾಗಾ ಸಿಕ್ತು. ಮುಂದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ಕ್ಕ ಜಾರಿಗೆ ಬಂತು. ಕಮಿಟಿಯೊಳಗ ನಾಲ್ಕರಾಗ ಮೂರು ಪಾಲು ಪಾಲಕರು ಇರಬೇಕು, ಒಟ್ಟು ಮಂದಿಯೊಳಗ ಅರ್ಧ ಹೆಣ್ಮಕ್ಕಳಿರಬೇಕು ಅಂತ ಅದು ಬರದು ಇಟ್ಟೈತಿ. ಪಗಾರ ಇಲ್ಲ, ಏನಿಲ್ಲ. ಕಾಯ್ದೆ ಕುರ್ಚಿ ಕೊಟ್ಟಿತು, ಭೇಷ್ ಅನ್ನೋದನ್ನ ನಾವ ಕಲೀಬೇಕಾಗಿತ್ತು.

ನಾವು ಹೆಂಗ ಕಲ್ತಿವಿ ಅನ್ನೋದು ನನಗ ನಾಚಿಕಿ ತರೋ ಮಾತು. ಆದ್ರೂ ಹೇಳತೀನಿ.

ಕಾಯ್ದೆ ಬಂದು ಎರಡು ವರ್ಷ ಆಗಿತ್ತು. ನನ್ನ ಸಣ್ಣ ಮಗಳ ಸಾಲ್ಯಾಗ ನಾನೂ ಕಮಿಟಿಯೊಳಗ ಇದ್ದೆ. ವರ್ಷದ ಕಡೀಗೆ ದುಡದ ತಾಯಂದಿರಿಗೆ ಉಡಿ ತುಂಬೋಣು ಅಂದ್ವಿ. ನಮ್ಮ ಕಡೆ ಹೆಣ್ಮಗಳಿಗೆ ಮಾಡೋ ಗೌರವ ಅಂದ್ರ ಅದ ಅಲ್ಲ. ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಅರಿಷಿಣ ಕೊಂಬು, ಎಲಿ-ಅಡಿಕಿ, ಒಂದು ಕುಬಸದ ಖಣ. ಗುಳೇದಗುಡ್ಡದ ಮಗ್ಗದ ಖಣ ನಮ್ಮ ರೊಕ್ಕಕ್ಕ ಎಲ್ಲಿ ಬರಬೇಕು, ಸಂತ್ಯಾಗಿನ ಸೋವಿ ಖಣ ತಂದ್ವಿ. ಅಕ್ಕಿ ಮನಿಯಿಂದ ಕೂಡಿಸಿದ್ವಿ. ಖರ್ಚು ಭಾಳ ಆಗಲಿಲ್ಲ, ನೋಡಾಕ ಛಂದ ಕಾಣತಿತ್ತು. ಕುಂಕುಮದ ತಾಟು ನನ್ನ ಕೈಯಾಗಿತ್ತು.

ಅವರೊಳಗ ಒಬ್ಬಾಕಿ ರೊಟ್ಟಿ ಬಡದು ಮಾರಿ ಸಂಸಾರ ನಡಸಾಕಿ. ಗಂಡ ತೀರಿಕೊಂಡು ಆರು ವರ್ಷ ಆಗಿತ್ತು. ಏಳನೆತ್ತಿ ಮುಗಿಸಿ ಸಾಲಿ ಬಿಟ್ಟ ನಾಲ್ಕು ಹುಡುಗ್ಯಾರ ಮನೀಗೆ ಸಂಜೀಕೊಮ್ಮೆ ಹೋಗಿ, ಅವರ ಅಪ್ಪಂದಿರ ಜೋಡಿ ಜಗಳಾಡಿ, ತಿರುಗಿ ತಂದು ಎಂಟನೆತ್ತಿಗೆ ಕೂಡಿಸಿದಾಕಿ ಆಕಿ. ಆ ವರ್ಷ ಅದಕ್ಕಿಂತ ದೊಡ್ಡ ಕೆಲಸ ನಾವ್ಯಾರೂ ಮಾಡಿರಲಿಲ್ಲ.

ತಾಟು ಹಿಡಕೊಂಡು ಸಾಲಿನ್ಯಾಗ ಬಂದೆ. ಆಕಿ ತಾನ ಸೆರಗು ಹೊದ್ದುಕೊಂಡು ಹಿಂದ ಸರದು ನಿಂತ್ಲು. "ನಂದಿರ್ಲಿ ಬಿಡ್ರಿ ಅಕ್ಕಾರ" ಅಂದ್ಲು. ನಾನೂ ಬಿಟ್ಟೆ! ಮುಂದಿನಾಕಿ ಹಣೀಗೆ ಕುಂಕುಮ ಹಚ್ಚಿದೆ. ಆ ನಾಲ್ವರೊಳಗ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಅವರಿಗ್ಯಾಕ ಕೊಡಲಿಲ್ಲ?" ಅಂತ ಕೇಳಿತು. ಯಾರೂ ಮಾತಾಡಲಿಲ್ಲ. ಮಂಗಳಸೂತ್ರ ಕೊಟ್ಟು ಮಕ್ಕಳಿಗೆ ಉಣಿಸಿದ ತಾಯಿ ಕಥಿ ಓದಿ ಕಣ್ಣೀರು ಹಾಕಿದಾಕಿ ನಾನ. ಕೊರಳಾಗ ಅದು ಇಲ್ಲ ಅಂತ ಒಬ್ಬ ತಾಯೀನ ಬಿಟ್ಟು ಮುಂದ ಹೋದಾಕಿನೂ ನಾನ.

ಮುಂದಿನ ಜೂನಿಗೆ ಆಕಿ ಕಮಿಟಿ ಕೆಲಸಕ್ಕ ಬರಲಿಲ್ಲ. "ರೊಟ್ಟಿ ಆರ್ಡರ್ ಹೆಚ್ಚಿಗಿ ಬರಾಕತ್ತಾವ್ರಿ" ಅಂದ್ಲು. ಕಾರಣ ಅದ ಇತ್ತೋ ಬ್ಯಾರೆ ಇತ್ತೋ, ಕೇಳೋ ಧೈರ್ಯ ನನಗಾಗಲಿಲ್ಲ. ಆ ವರ್ಷ ಸಾಲಿ ಬಿಟ್ಟ ಹುಡುಗ್ಯಾರ ಮನೀಗೆ ಹೋಗೋರು ಯಾರೂ ಇರಲಿಲ್ಲ ಅನ್ನೋದು ಮಾತ್ರ ಖರೆ.

ಮರುವರ್ಷ ನಾವು ಉಡಿ ಬಿಟ್ವಿ. ಉಡಿ ಕೆಟ್ಟದ್ದು ಅಂತಲ್ಲ. ಮನ್ಯಾಗ ಇವತ್ತೂ ತುಂಬತೀನಿ, ಈಗ ಯಾರನ್ನೂ ಬಿಡೋದಿಲ್ಲ. ಆದ್ರ ಸಾಲಿ ಎಲ್ಲಾರದು. ಅಲ್ಲಿ ಮಾಡೋ ಗೌರವ ಒಬ್ಬರನ್ನ ಹಿಂದ ಸರಸಿದ್ರ ಅದು ಗೌರವ ಅಲ್ಲ.

ಬದಲಿಗೆ ಏನ್ ಮಾಡಿದ್ವಿ ಅಂದ್ರ, ಕಮಿಟಿ ನಡಾವಳಿ ಪುಸ್ತಕದಾಗ ಅಭಿನಂದನಾ ಠರಾವು ಬರಸಿದ್ವಿ. ಹೆಸರು, ಮುಂದ ಮಾಡಿದ ಕೆಲಸ. "ಇಂಥವರು ಮಳಿಗಾಲದಾಗ ಎರಡು ತಿಂಗಳು ಸಣ್ಣ ಮಕ್ಕಳನ್ನ ಹಳ್ಳ ದಾಟಿಸ್ಯಾರ", "ಇಂಥವರು ಪರೀಕ್ಷಾ ಹೊತ್ತಿನ್ಯಾಗ ಸಂಜಿ ಅಭ್ಯಾಸಕ್ಕ ತಮ್ಮ ಪಡಸಾಲಿ ಬಿಟ್ಟುಕೊಟ್ಟಾರ", ಹಿಂಗ. ಮಕ್ಕಳ ನಿಂತು ಓದಿದ್ರು. ಮೊದಲನೇ ಹೆಸರು ಹಿಂದಿನ ವರ್ಷದ ಆ ರೊಟ್ಟಿ ಮಾರಾಕಿದು. ಆಕಿ ಸಭಾಕ್ಕ ಬಂದಿರಲಿಲ್ಲ. ಆಕಿ ತಂದು ಕೂಡಿಸಿದ ಹುಡುಗಿನ ಠರಾವಿನ ನಕಲು ಬರಕೊಂಡು ಮನೀಗೆ ಒಯ್ದು ಕೊಟ್ಟಳು. ಆಕಿ ಏನಂದ್ಲೋ ಆ ಹುಡುಗಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಂಗಾಗಿ 1,000 ರೂಪಾಯಿ ಇರೋರಿಗೆ ನಾ ಹೇಳೋದು ಇಷ್ಟ. ಶಾಲು, ಹಾರ, ಪ್ಲಾಸ್ಟಿಕ್ ಪದಕ ಬ್ಯಾಡ. ಶಾಲು ತಿಜೋರಿ ಸೇರತೈತಿ, ಹಾರ ಮರುದಿನ ತಿಪ್ಪಿ ಸೇರತೈತಿ. ಮೊದಲ ನಡಾವಳಿಯೊಳಗ ಹೆಸರು ಮತ್ತ ಕೆಲಸ ಎರಡೂ ಬರಸ್ರಿ, ಅದಕ್ಕ ಖರ್ಚಿಲ್ಲ. "ಎಲ್ಲಾ ತಾಯಂದಿರಿಗೂ ಧನ್ಯವಾದ" ಅಂತ ಒಂದ ಸಾಲಿನ್ಯಾಗ ಮುಗಸಬ್ಯಾಡ್ರಿ. ಎಲ್ಲಾರಿಗೂ ಅಂದ್ರ ಯಾರಿಗೂ ಅಲ್ಲ. ಮಕ್ಕಳ ಕೈಲೆ ಒಂದೊಂದು ಪತ್ರ ಬರಸ್ರಿ, ಅದಕ್ಕ ಹಾಳಿ ಖರ್ಚು ಅಷ್ಟ. ಉಳದ ರೊಕ್ಕದಾಗ ಒಗ್ಗರಣಿ ಚುರುಮುರಿ, ಮಿರ್ಚಿ ಭಜಿ, ಚಾ. ಮತ್ತ ನೆನಪಿಡ್ರಿ, ಆ ದಿನ ತಾಯಂದಿರು ಕೂತು ತಿನ್ನಬೇಕು. ಕಮಿಟಿ ಗಂಡಸರು ಬಡಿಸಬೇಕು. ಅವರನ್ನ ಸತ್ಕಾರ ಮಾಡೋ ದಿನಾನೂ ಅವರ ಕೈಲೆ ಭಜಿ ಕರಸಬ್ಯಾಡ್ರಿ!

ಮತ್ತ ಪಟ್ಟಿ ಮಾಡೋ ಮುಂದ ಒಮ್ಮೆ ಹಿಂದ ತಿರುಗಿ ನೋಡ್ರಿ. ಸೆರಗು ಹೊದ್ದುಕೊಂಡು ಹಿಂದ ನಿಂತಾಕಿ ಯಾರರ ಅದಾಳೇನು ಅಂತ. ಆಕಿ ಹೆಸರು ಮೊದಲ ಬರೀರಿ.